ಲೆಕ್ಕದ ಪುಸ್ತಕದ ಮೊದಲ ಪುಟ



ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ಧರ್ಮಕೇಂದ್ರದ ಕಚೇರಿಗೆ ತಂದೆತಾಯಂದಿರ ಓಡಾಟ ಹೆಚ್ಚುತ್ತದೆ. ಮಗನಿಗೋ ಮಗಳಿಗೋ 'ನಮ್ಮವರ' ಕಾಲೇಜಿನಲ್ಲಿ ಬಿ.ಕಾಂ., ಬಿ.ಬಿ.ಎ. ತರಗತಿಗೆ ಒಂದು ಸೀಟು ಬೇಕು. ಅದಕ್ಕೆ ಗುರುಗಳ ಶಿಫಾರಸು ಪತ್ರ ಬೇಕು. ಆ ಕಾಲೇಜೇ ಏಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಅಲ್ಲಿ ಶಿಸ್ತು ಇದೆ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಓದು ಮುಗಿಯುವ ಮುಂಚೆಯೇ ಕಂಪನಿಗಳು ಬಂದು ಕೆಲಸ ಕೊಡುತ್ತವೆ. ಈ ಮೂರೂ ಒಳ್ಳೆಯ ಕಾರಣಗಳೇ. ಕೂಲಿಯ ಹಣ ಕೂಡಿಸಿ ಶುಲ್ಕ ಕಟ್ಟುವ ತಾಯಿ ತನ್ನ ಮಗನಿಗೆ ನೆಮ್ಮದಿಯ ಉದ್ಯೋಗ ಸಿಗಲಿ ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ನಾಳೆ ಪರರ ಹಣ, ಪರರ ದುಡಿಮೆ, ಪರರ ವಿಶ್ವಾಸ ತನ್ನ ಕೈಗೆ ಬಂದಾಗ ಈ ಹುಡುಗ ಎಂಥ ಮನುಷ್ಯನಾಗಿರುತ್ತಾನೆ? ಕ್ರೈಸ್ತ ಕಾಲೇಜಿನ ಶಿಕ್ಷಣಕ್ಕೂ ಆ ಮನುಷ್ಯನ ವ್ಯಾಪಾರಕ್ಕೂ ಸೇವೆಗೂ ನಿಜವಾದ ಸಂಬಂಧವೇನು? ಈ ತಿಂಗಳು ನಿಮ್ಮೊಡನೆ ಇದನ್ನೇ ಕುರಿತು ಚಿಂತಿಸಬೇಕೆಂದಿದ್ದೇನೆ.

ನಮ್ಮ ಭಕ್ತ ಕುಟುಂಬಗಳಲ್ಲಿ ಈ ವಿಷಯವಾಗಿ ಎರಡು ಅಭಿಪ್ರಾಯಗಳಿವೆ. ಮೊದಲನೆಯದು: ಸೇವೆ ಎಂದರೆ ಶಿಕ್ಷಕರದು, ದಾದಿಯರದು, ಗುರುಗಳದು, ಕನ್ಯಾಸ್ತ್ರೀಯರದು, ವ್ಯಾಪಾರವೆಂದರೆ ಹೇಗೂ ಸ್ವಲ್ಪ ಕೈ ಕೆಸರಾಗುವ ಕೆಲಸ, ಅಲ್ಲಿ ಶುಭಸಂದೇಶವನ್ನು ಎಳೆದು ತರಬೇಡಿ. ಎರಡನೆಯದು: ವ್ಯಾಪಾರ ಮಾಡಿ ಚೆನ್ನಾಗಿ ಸಂಪಾದಿಸಲಿ, ಆಮೇಲೆ ಉಳಿದದ್ದರಲ್ಲಿ ದೇವಾಲಯಕ್ಕೂ ಬಡವರಿಗೂ ಕೊಡಲಿ; ಅದೇ ಸೇವೆ. ಮೊದಲನೆಯ ಅಭಿಪ್ರಾಯ ವ್ಯಾಪಾರವನ್ನು ವಿಶ್ವಾಸದ ಹೊರಗಿಡುತ್ತದೆ. ಎರಡನೆಯದು ಸೇವೆಯನ್ನು ವ್ಯಾಪಾರದ ಹೊರಗಿಡುತ್ತದೆ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆನಿಸಿದರೂ ವ್ಯಾಪಾರ ನಡೆಯುತ್ತಿರುವಷ್ಟು ಹೊತ್ತು ದೇವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಮಾತಿನಲ್ಲಿ ಎರಡೂ ಒಂದೇ.

ಪವಿತ್ರ ಬೈಬಲ್ ಹೀಗೆ ಯೋಚಿಸುವುದಿಲ್ಲ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲರೊಡನೆ ಗುಡಾರ ಮಾಡುವ ಕಸುಬು ನಡೆಸುತ್ತಲೇ ಶುಭಸಂದೇಶ ಸಾರಿದರು. ಫಿಲಿಪ್ಪಿಯಲ್ಲಿ ಅವರ ಮಾತಿಗೆ ಮನಸ್ಸು ತೆರೆದವಳು ಬೆಲೆಬಾಳುವ ಬಟ್ಟೆಗಳ ವ್ಯಾಪಾರಿಯಾದ ಲಿಡಿಯ. ಜಗದ್ಗುರು ಎರಡನೇ ಜಾನ್ ಪಾಲರು 1991ರ 'ಚೆಂತೆಸಿಮುಸ್ ಆನ್ನುಸ್' ಎಂಬ ವಿಶ್ವಪತ್ರದಲ್ಲಿ, ಲಾಭವು ಉದ್ಯಮವೊಂದು ಸರಿಯಾಗಿ ನಡೆಯುತ್ತಿದೆ ಎಂಬುದರ ನ್ಯಾಯವಾದ ಸೂಚನೆ ಎಂದು ಒಪ್ಪಿಕೊಂಡರು. ಆದರೆ ಅದೊಂದೇ ಅಳತೆಗೋಲಲ್ಲ ಎಂದೂ ಎಚ್ಚರಿಸಿದರು. ಲೆಕ್ಕಪತ್ರಗಳೆಲ್ಲ ಸರಿಯಿದ್ದರೂ ಅದೇ ಸಂಸ್ಥೆಯಲ್ಲಿ ದುಡಿಯುವವರ ಮಾನಕ್ಕೆ ಕುಂದುಂಟಾಗಿರಬಹುದು ಎಂದು ತೋರಿಸಿದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ವ್ಯಾಪಾರೋದ್ಯಮವನ್ನು ಉದಾತ್ತವಾದ ಕರೆಯೆಂದೇ ಗುರುತಿಸಿದರು. ಅಂದಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೂ ದೇವರ ಕರೆಯೊಂದಿದೆ. ಆ ಕರೆಯನ್ನು ಅವನಿಗೆ ಯಾರು ತಿಳಿಸಿಕೊಡಬೇಕು?

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಡತಕ್ಕದ್ದು. ಇಂದು ಪ್ರತಿಯೊಬ್ಬ ವಾಣಿಜ್ಯ ವಿದ್ಯಾರ್ಥಿಯೂ ಕಲಿಯುವ ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ಮೊಟ್ಟಮೊದಲು ಅಚ್ಚಿನ ಪುಸ್ತಕದಲ್ಲಿ ಕ್ರಮವಾಗಿ ವಿವರಿಸಿದವರು ಲೂಕಾ ಪಾಚೋಲಿ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ. ವೆನಿಸ್ ನಗರದ ವರ್ತಕರಲ್ಲಿ ಮೊದಲೇ ರೂಢಿಯಲ್ಲಿದ್ದ ಪದ್ಧತಿಯನ್ನು ಅವರು 1494ರಲ್ಲಿ ಅಲ್ಲಿಯೇ ಮುದ್ರಿಸಿ ಪ್ರಕಟಿಸಿದರು. ವರ್ತಕನು ದೇವರ ಹೆಸರಿನಲ್ಲಿ ಲೆಕ್ಕ ಆರಂಭಿಸಬೇಕು, ತನ್ನ ಮೊದಲ ಪುಸ್ತಕಗಳ ಮೇಲೆ ಶಿಲುಬೆಯ ಗುರುತು ಹಾಕಬೇಕು ಎಂದು ಅದರಲ್ಲಿ ಸೂಚಿಸಿದರು. ನಮ್ಮ ನಾಡಿನ ವರ್ತಕರು ಲೆಕ್ಕದ ಪುಸ್ತಕದ ತಲೆಯಲ್ಲಿ 'ಶ್ರೀ' ಎಂದು ಬರೆದು ಆರಂಭಿಸುವುದನ್ನು ನೀವು ಕಂಡಿದ್ದೀರಿ. ಎರಡರ ಅರ್ಥವೂ ಒಂದೇ: ಈ ಪುಸ್ತಕವನ್ನು ನಾನೊಬ್ಬನೇ ಓದುವುದಿಲ್ಲ, ಮೇಲಿನವನೂ ಓದುತ್ತಾನೆ. ಮೊದಲ ಪುಟದ ಗುರುತು ಉಳಿದೆಲ್ಲ ಪುಟಗಳಿಗೂ ಸಾಕ್ಷಿ.

ನಮ್ಮ ಕಾಲೇಜುಗಳು ಹುಟ್ಟಿದ್ದು ಇದೇ ಮನೋಭಾವದಿಂದ. ಸಂತ ಇಗ್ನಾಸಿಯವರ ಸಂಗಾತಿಗಳು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಶಾಲೆ ತೆರೆದರು. ಇಟಲಿಯ ಯೇಸುಸಭೆಯ ಗುರುಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳು 1882ರಲ್ಲಿ ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜನ್ನೂ ಆರಂಭಿಸಿದರು. ಯೇಸುಸಭೆಯವರು 1949ರಲ್ಲಿ ಜಮ್‌ಶೆಡ್‌ಪುರದಲ್ಲಿ ಸ್ಥಾಪಿಸಿದ ಎಕ್ಸ್.ಎಲ್.ಆರ್.ಐ. ಇಂದು ದೇಶದ ಹೆಸರಾಂತ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲೊಂದು. ಆ ಹೆಸರಿನ ನಡುವೆ ಇರುವುದು 'ಕಾರ್ಮಿಕ ಸಂಬಂಧಗಳು' ಎಂಬ ಮಾತು ಎಂಬುದನ್ನು ಅಲ್ಲಿ ಸೀಟಿಗಾಗಿ ಹಾತೊರೆಯುವ ಎಷ್ಟೋ ಮಂದಿ ಗಮನಿಸುವುದಿಲ್ಲ. ಉಕ್ಕಿನ ನಗರದಲ್ಲಿ ಮಾಲೀಕರ ಕಡೆಯವರನ್ನೂ ಕಾರ್ಮಿಕ ಸಂಘದವರನ್ನೂ ಕಲಿಸಿ, ಇಬ್ಬರೂ ನ್ಯಾಯದಿಂದ ವ್ಯವಹರಿಸುವಂತೆ ಮಾಡುವುದು ಅದರ ಆರಂಭದ ಆಶಯವಾಗಿತ್ತು. ಇಂಥ ಕಾಲೇಜುಗಳಲ್ಲಿ ಕಲಿತವರು ವ್ಯಾಪಾರ ವ್ಯವಹಾರಗಳಲ್ಲಿ ಏನಾದರು? ಇಬ್ಬರನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ಇಬ್ಬರೂ ಲೊಯೋಲಾ ಎಂಬ ಹೆಸರು ಹೊತ್ತ ಕಾಲೇಜುಗಳಿಂದ ಬಂದವರು.

ಮೊದಲನೆಯವರು ವರ್ಗೀಸ್ ಕುರಿಯನ್. 1940ರಲ್ಲಿ ಮದ್ರಾಸಿನ ಲೊಯೋಲಾ ಕಾಲೇಜಿನಿಂದ ಭೌತಶಾಸ್ತ್ರದ ಪದವಿ ಪಡೆದವರು. ಆಮೇಲೆ ಗಿಂಡಿಯಲ್ಲಿ ಎಂಜಿನಿಯರಿಂಗ್ ಕಲಿತು, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋಗಿ ಬಂದವರು. ಆ ವಿದ್ಯಾರ್ಥಿವೇತನದ ಋಣ ತೀರಿಸುವುದಕ್ಕಾಗಿ 1949ರಲ್ಲಿ ಗುಜರಾತಿನ ಆನಂದ್ ಎಂಬ ಸಣ್ಣ ಊರಿನ ಸರ್ಕಾರಿ ಹಾಲಿನ ಘಟಕಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಬಂದರು. ಕರಾರಿನ ಅವಧಿ ಮುಗಿದರೆ ಸಾಕು, ಹೊರಟುಬಿಡೋಣ ಎಂದು ದಿನ ಎಣಿಸುತ್ತಿದ್ದರು. ಪಕ್ಕದಲ್ಲೇ ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ ಹಾಲು ಉತ್ಪಾದಕರು 1946ರಲ್ಲಿ ಕಟ್ಟಿದ್ದ ಸಹಕಾರ ಸಂಘ ಹಳೆಯ ಯಂತ್ರಗಳೊಡನೆ ಒದ್ದಾಡುತ್ತಿತ್ತು. ಪಟೇಲರು ನೆರವು ಕೇಳಿದರು. ಕುರಿಯನ್ ಉಳಿದರು, ಕೊನೆಯವರೆಗೂ ಉಳಿದರು. ತೀರಿಸಿ ಕೈತೊಳೆದುಕೊಳ್ಳಬೇಕೆಂದಿದ್ದ ಋಣವೇ ಅವರ ಬದುಕಿನ ಕರೆಯಾಯಿತು.

ಅವರು ಅಲ್ಲಿ ಮಾಡಿದ್ದು ದಾನಧರ್ಮವಲ್ಲ, ಅಪ್ಪಟ ವ್ಯಾಪಾರ. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಲಾಗದು ಎಂದು ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಎಚ್. ಎಂ. ದಲಾಯ ಅವರ ತಾಂತ್ರಿಕ ಜಾಣ್ಮೆಯಿಂದ ಅದನ್ನು ಸಾಧಿಸಿ, 1955ರಲ್ಲಿ ಕಾರ್ಖಾನೆ ತೆರೆದರು. 'ಅಮುಲ್' ಎಂಬ ಹೆಸರಿನಲ್ಲಿ ಬೆಣ್ಣೆ ಮಾರಿದರು, ಜಾಹೀರಾತು ಮಾಡಿದರು, ದೊಡ್ಡ ಕಂಪನಿಗಳೊಡನೆ ಸೆಣಸಿದರು. ಆದರೆ ಲಾಭ ಹೋದದ್ದು ಎರಡು ಮೂರು ಎಮ್ಮೆ ಕಟ್ಟಿಕೊಂಡ ರೈತ ಹೆಣ್ಣುಮಕ್ಕಳ ಮನೆಗೆ. ಹಾಲಿನ ಡೇರಿಯ ಮುಂದೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಂತರು. ಬೆಲೆ ನಿರ್ಧಾರವಾಗುತ್ತಿದ್ದುದು ತಂದವರ ಕುಲ ನೋಡಿ ಅಲ್ಲ, ಹಾಲಿನ ಜಿಡ್ಡಿನ ಅಂಶ ನೋಡಿ. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆ ಇದನ್ನು ದೇಶಕ್ಕೆಲ್ಲ ಹರಡಿತು. ಇಂದು ಬೆಳಿಗ್ಗೆ ನಿಮ್ಮ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಕ್ಯಾನು ಹೊತ್ತು ಹೋದವರು, ಮನೆಗೆ 'ನಂದಿನಿ' ಹಾಲು ತಂದವರು ಎಲ್ಲರೂ ಆ ಧಾರೆಯ ಕೆಳಗೇ ಇರುವವರು.

ಇನ್ನು ಎರಡನೆಯವರು ಬಿ. ರಾಮಲಿಂಗ ರಾಜು. ವಿಜಯವಾಡದ ಆಂಧ್ರ ಲೊಯೋಲಾ ಕಾಲೇಜಿನಲ್ಲಿ ಬಿ.ಕಾಂ. ಓದಿ, ಅಮೆರಿಕದಲ್ಲಿ ಎಂ.ಬಿ.ಎ. ಮುಗಿಸಿ, 1987ರಲ್ಲಿ ಹೈದರಾಬಾದಿನಲ್ಲಿ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯನ್ನು ಸ್ಥಾಪಿಸಿದವರು. ಸಾವಿರಾರು ಯುವಕರಿಗೆ ಉದ್ಯೋಗ ಕೊಟ್ಟವರು. ಸೇವೆಯಲ್ಲಿಯೂ ಹಿಂದೆ ಬಿದ್ದವರಲ್ಲ. ತುರ್ತು ಸಮಯದಲ್ಲಿ ನಾವೆಲ್ಲ ಕರೆ ಮಾಡುವ 108 ಆಂಬುಲೆನ್ಸ್ ಸೇವೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಸಂಸ್ಥೆಯನ್ನು ಕಟ್ಟಿದವರು ಅವರೇ. 2008ರ ನವೆಂಬರಿನಲ್ಲಿ ಅದು 'ಆರೋಗ್ಯ ಕವಚ'ವಾಗಿ ಕರ್ನಾಟಕಕ್ಕೂ ಬಂತು. ಅದಾಗಿ ಎರಡೇ ತಿಂಗಳಿಗೆ, 2009ರ ಜನವರಿ 7ರಂದು, ತಮ್ಮ ಕಂಪನಿಯ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ಉಬ್ಬಿಸಿ ತೋರಿಸಲಾಗಿದೆ, ಪುಸ್ತಕದಲ್ಲಿರುವ 5,000 ಕೋಟಿ ರೂಪಾಯಿಗೂ ಹೆಚ್ಚು ಹಣ ನಿಜದಲ್ಲಿ ಇಲ್ಲವೇ ಇಲ್ಲ ಎಂದು ಅವರು ಪತ್ರ ಬರೆದು ಒಪ್ಪಿಕೊಂಡರು. ತಮ್ಮ ಸ್ಥಿತಿ ಹುಲಿಯ ಸವಾರಿಯಂತಾಗಿತ್ತು, ಇಳಿದರೆ ಹುಲಿ ತಿನ್ನುತ್ತದೆಂಬ ಭಯವಿತ್ತು ಎಂಬರ್ಥದ ಮಾತು ಆ ಪತ್ರದಲ್ಲಿತ್ತು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ದೊರೆಯಿತು.

ಈ ಇಬ್ಬರನ್ನು ಜೊತೆಯಲ್ಲಿ ನಿಲ್ಲಿಸಿದ್ದು ಒಬ್ಬರನ್ನು ಪೀಠಕ್ಕೇರಿಸಿ ಇನ್ನೊಬ್ಬರನ್ನು ಕಲ್ಲಿಗೆ ಗುರಿ ಮಾಡಲು ಅಲ್ಲ. ಅವರ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ಕುರಿಯನ್ನರು ನಮ್ಮ ಕಾಲೇಜಿನ ಸೃಷ್ಟಿ ಎಂದು ಬೀಗಿದರೆ, ರಾಜು ಅವರೂ ನಮ್ಮ ಕಾಲೇಜಿನ ಸೃಷ್ಟಿ ಎಂದು ತಲೆ ತಗ್ಗಿಸಬೇಕಾಗುತ್ತದೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಕುರಿಯನ್ ತಾವು ದೇವರನ್ನು ನಂಬುವವರಲ್ಲ ಎಂದು ಹೇಳಿಕೊಂಡವರು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಶಿಕ್ಷಣವೆಂಬುದು ಹೆಂಚಿನ ಅಚ್ಚಲ್ಲ, ಬಿತ್ತನೆ. ಬಿತ್ತುವವನು ಒಬ್ಬನೇ, ಬೀಜವೂ ಒಂದೇ. ನೆಲ ಬೇರೆ ಬೇರೆ ಎಂದು ಪ್ರಭು ಯೇಸು ಹೇಳಿಲ್ಲವೇ? ನಾವು ಗಮನಿಸಬೇಕಾದುದು ಬೇರೊಂದು ಸಂಗತಿ. ಒಬ್ಬರ ಸೇವೆ ವ್ಯಾಪಾರದ ಒಳಗೇ ಇತ್ತು: ಹಾಲಿನ ಅಳತೆಯಲ್ಲಿ, ಕೊಡುವ ಬೆಲೆಯಲ್ಲಿ, ಯಾರಿಗೆ ಲಾಭ ಸೇರಬೇಕೆಂಬ ತೀರ್ಮಾನದಲ್ಲಿ. ಇನ್ನೊಬ್ಬರ ಸೇವೆ ವ್ಯಾಪಾರದ ಹೊರಗೆ, ಪಕ್ಕದಲ್ಲಿ ನಿಂತಿತ್ತು. ಅದು ಎಷ್ಟು ದೊಡ್ಡದಾಗಿದ್ದರೂ ಒಳಗಿನ ಲೆಕ್ಕವನ್ನು ಸರಿಪಡಿಸಲಾರದೆ ಹೋಯಿತು.

ಹಾಗಾದರೆ 108ರಿಂದ ಉಳಿದ ಜೀವಗಳಿಗೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಹೆರಿಗೆ ನೋವಿನಲ್ಲಿ ಆ ವಾಹನ ಹತ್ತಿದ ತಾಯಿಗೆ ಅದನ್ನು ಕಟ್ಟಿದವರ ಲೆಕ್ಕಪುಸ್ತಕ ಮುಖ್ಯವಲ್ಲ. ಆದರೆ ಸತ್ಯಂ ಷೇರುಗಳನ್ನು ನಂಬಿ ನಿವೃತ್ತಿಯ ಹಣ ಹಾಕಿದ್ದ ವೃದ್ಧನಿಗೆ ಆ ಪುಸ್ತಕವೇ ಮುಖ್ಯ. ಒಬ್ಬರಿಗೆ ಮಾಡಿದ ಉಪಕಾರದಿಂದ ಇನ್ನೊಬ್ಬರಿಗೆ ಮಾಡಿದ ಅನ್ಯಾಯ ವಜಾ ಆಗುವುದಿಲ್ಲ. ಹಸುವನ್ನು ಕೊಂದು ಚಪ್ಪಲಿ ದಾನ ಮಾಡಿದಂತೆ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಸಂತ ಲೂಕರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಜಕ್ಕಾಯನನ್ನು ನೋಡಿ. ಅವನು ಎದ್ದು ನಿಂತು ಎರಡು ಬೇರೆ ಬೇರೆ ಮಾತು ಹೇಳುತ್ತಾನೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂಬುದು ಒಂದು. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂಬುದು ಇನ್ನೊಂದು. ಮೊದಲನೆಯದು ದಾನ, ಎರಡನೆಯದು ನ್ಯಾಯ. ತೆರಿಗೆ ವಸೂಲಿಯ ಲೆಕ್ಕದಲ್ಲಿ ಪಳಗಿದ ಆ ಮನುಷ್ಯ ಎರಡು ಖಾತೆಗಳನ್ನು ಬೆರೆಸಲಿಲ್ಲ. ಬಡವರಿಗೆ ಅರ್ಧ ಆಸ್ತಿ ಕೊಟ್ಟೆನಲ್ಲ, ಮೋಸ ಹೋದವರು ಸುಮ್ಮನಿರಲಿ ಎನ್ನಲಿಲ್ಲ. ರಕ್ಷಣೆ ಅವನ ಮನೆಗೆ ಬಂದದ್ದು ಅಂದೇ.

ನಮ್ಮ ದೇಶದ ಕಾನೂನೂ ಈಗ ಸೇವೆಯ ಲೆಕ್ಕ ಕೇಳುತ್ತದೆ. 2013ರ ಕಂಪನಿಗಳ ಕಾಯ್ದೆಯ 135ನೆಯ ವಿಧಿಯಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಇದರಿಂದ ಅನೇಕ ಶಾಲೆಗಳಿಗೆ ಕೊಠಡಿಗಳು, ಹಳ್ಳಿಗಳಿಗೆ ಶುದ್ಧ ನೀರು ದೊರೆತಿದೆ, ಸಂತೋಷ. ಆದರೆ ಕಾನೂನು ಎರಡರಲ್ಲಿ ನಿಲ್ಲುತ್ತದೆ. ಉಳಿದ ತೊಂಬತ್ತೆಂಟು ಹೇಗೆ ಬಂತು ಎಂದು ಕೇಳುವುದು ಶುಭಸಂದೇಶದ ಕೆಲಸ. ಆ ಲಾಭದಲ್ಲಿ ಗುತ್ತಿಗೆ ಕಾರ್ಮಿಕನ ಭವಿಷ್ಯನಿಧಿ ಸೇರಿಕೊಂಡಿದೆಯೇ? ಸಣ್ಣ ಸರಬರಾಜುದಾರನಿಗೆ ಆರು ತಿಂಗಳಿಂದ ಕೊಡದೆ ಉಳಿಸಿಕೊಂಡ ಬಾಕಿ ಸೇರಿಕೊಂಡಿದೆಯೇ? ಹೊಳೆಗೆ ಬಿಟ್ಟ ಕೊಳೆನೀರು ಸೇರಿಕೊಂಡಿದೆಯೇ?

ಈ ಎಚ್ಚರ ನಮ್ಮ ಕನ್ನಡದ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದೂ ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದು ಎರಡನ್ನೂ ಒಟ್ಟಿಗೆ ಇಟ್ಟರು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನ ಕತೆ ನಿಮಗೆ ಗೊತ್ತಿದೆ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆ ಅಕ್ಕಿಯನ್ನು ದಾಸೋಹಕ್ಕೆ ಬಳಸಿದರಾಯಿತು ಎಂದು ಆಕೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ದಾಸೋಹಕ್ಕೆ ಹೋಗುವ ಅಕ್ಕಿ ಕೂಡ ಸರಿಯಾಗಿ ಬಂದದ್ದೇ ಆಗಿರಬೇಕು ಎಂಬುದು ಆಕೆಯ ನಿಷ್ಠೆ. ವಾಣಿಜ್ಯ ತರಗತಿಯಲ್ಲಿ ಲಕ್ಕಮ್ಮನ ಹೆಸರು ಬಂದರೆ ಯಾವ ನಷ್ಟವೂ ಇಲ್ಲ.

ಇನ್ನು ಕಾಲೇಜುಗಳ ಕಡೆಗೆ ತಿರುಗೋಣ. 1973ರ ಜುಲೈ 31ರಂದು, ಸಂತ ಇಗ್ನಾಸಿಯವರ ಹಬ್ಬದ ದಿನ, ಯೇಸುಸಭೆಯ ಮಹಾಧಿಪತಿ ಪೇದ್ರೊ ಅರೂಪೆಯವರು ಸ್ಪೇನಿನ ವಲೆನ್ಸಿಯಾದಲ್ಲಿ ಯುರೋಪಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾತನಾಡಿದರು. ಹೊಗಳಿಕೆಯ ಮಾತು ನಿರೀಕ್ಷಿಸಿದ್ದ ಸಭೆಗೆ ಅವರು ಒಂದು ಪ್ರಶ್ನೆ ಒಡ್ಡಿದರು: ನಾವು ನಿಮ್ಮನ್ನು ನ್ಯಾಯಕ್ಕಾಗಿ ಬೆಳೆಸಿದ್ದೇವೆಯೇ? ಉತ್ತರವನ್ನೂ ಅವರೇ ಕೊಟ್ಟರು: ಪ್ರಾಮಾಣಿಕವಾಗಿ ಹೇಳುವುದಾದರೆ ಇಲ್ಲ. ಇನ್ನು ಮುಂದೆ ನಮ್ಮ ಶಿಕ್ಷಣದ ಗುರಿ ಇತರರಿಗಾಗಿ ಬದುಕುವ ಮನುಷ್ಯರನ್ನು ರೂಪಿಸುವುದಾಗಬೇಕು ಎಂದರು. ಕೇಳಿದವರಲ್ಲಿ ಕೆಲವರಿಗೆ ನೋವಾಯಿತು, ಸಿಟ್ಟೂ ಬಂತು. ಆದರೆ ಅಂದಿನ ಆ ಪ್ರಶ್ನೆ ಇಂದು ಜಗತ್ತಿನ ಎಲ್ಲ ಯೇಸುಸಭೆಯ ಶಾಲಾ ಕಾಲೇಜುಗಳ ಧ್ಯೇಯವಾಕ್ಯದಂತಾಗಿದೆ.

ಧ್ಯೇಯವಾಕ್ಯವನ್ನು ಗೋಡೆಯ ಮೇಲೆ ಬರೆಯುವುದು ಸುಲಭ. ವಿದ್ಯಾರ್ಥಿ ಓದುವುದು ಗೋಡೆಯನ್ನಲ್ಲ, ಸಂಸ್ಥೆಯ ನಡತೆಯನ್ನು. ಶುಲ್ಕ ಕಟ್ಟುವ ಕಿಟಕಿಯಲ್ಲಿ ಕೊಟ್ಟ ಹಣಕ್ಕೆಲ್ಲ ರಶೀದಿ ಸಿಗುತ್ತದೆಯೇ? ತರಗತಿಯಲ್ಲಿ ಕಾರ್ಮಿಕ ಕಾಯ್ದೆ ಪಾಠ ಮಾಡುವ ಅತಿಥಿ ಉಪನ್ಯಾಸಕನಿಗೆ ಮರ್ಯಾದೆಯ ಸಂಬಳ ಸಿಗುತ್ತಿದೆಯೇ? ಕಸ ಗುಡಿಸುವ ಅಮ್ಮನನ್ನು ಪ್ರಾಂಶುಪಾಲರು ಹೆಸರು ಹಿಡಿದು ಮಾತನಾಡಿಸುತ್ತಾರೆಯೇ? ಅಂಕ ಕಡಿಮೆ ಬಂದ ಬಡ ಹುಡುಗಿಗೆ ಅಲ್ಲಿ ಜಾಗವಿದೆಯೇ? ಹದಿನೆಂಟರ ಹುಡುಗನ ಕಣ್ಣು ಇವನ್ನೆಲ್ಲ ಗಮನಿಸುತ್ತದೆ. ನೀತಿಬೋಧೆಯ ತರಗತಿಯಲ್ಲಿ ಕೇಳಿದ್ದನ್ನು ಮರೆತಾನು. ಕಿಟಕಿಯಲ್ಲಿ ಕಂಡದ್ದನ್ನು ಮರೆಯಲಾರ. ವ್ಯಾಪಾರದ ಮೊದಲ ಪಾಠ ಅವನಿಗೆ ಅಲ್ಲಿಯೇ ಆಗುತ್ತದೆ.

ಸಂತ ಇಗ್ನಾಸಿಯವರು ತಮ್ಮವರಿಗೆ ಬಿಟ್ಟುಹೋದ ಒಂದು ಅಭ್ಯಾಸವಿದೆ: ದಿನವೂ ಮಾಡುವ ಆತ್ಮಪರಿಶೋಧನೆ. ದಿನದ ಕೊನೆಗೆ ಮೌನವಾಗಿ ಕುಳಿತು, ದೇವರಿಗೆ ಕೃತಜ್ಞತೆ ಹೇಳಿ, ಅಂದಿನ ಒಂದೊಂದು ಗಳಿಗೆಯನ್ನೂ ನೆನೆದು, ತಪ್ಪಿದ್ದಕ್ಕೆ ಕ್ಷಮೆ ಬೇಡಿ, ನಾಳೆಗಾಗಿ ನಿರ್ಧರಿಸುವುದು. ಅಂಗಡಿಯವನು ಬಾಗಿಲೆಳೆಯುವ ಮುನ್ನ ದಿನದ ಲೆಕ್ಕ ಕೂಡಿಸಿದಂತೆಯೇ ಇದು. ಲೆಕ್ಕವನ್ನು ದಿನವೂ ಕೂಡಿಸುವವನಿಗೆ ಸಣ್ಣ ವ್ಯತ್ಯಾಸ ಅಂದೇ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಬಿಟ್ಟವನಿಗೆ ಅದು ಹುಲಿಯಾಗಿ ಬೆಳೆದಿರುತ್ತದೆ. ಯಾರೂ ಮೊದಲ ದಿನವೇ ಹುಲಿಯ ಬೆನ್ನೇರುವುದಿಲ್ಲ. ಈ ತ್ರೈಮಾಸಿಕ ಮಾತ್ರ, ಇದೊಂದು ಬಿಲ್ಲು ಮಾತ್ರ ಎಂದುಕೊಂಡು ಮರಿಯ ಬೆನ್ನು ಸವರುತ್ತಾರೆ. ಕ್ರೈಸ್ತ ಕಾಲೇಜೊಂದು ತನ್ನ ವಿದ್ಯಾರ್ಥಿಗೆ, ಅವನು ಯಾವ ಧರ್ಮದವನೇ ಆಗಿರಲಿ, ಈ ಒಂದು ಅಭ್ಯಾಸವನ್ನು ಕಲಿಸಿ ಕಳುಹಿಸಿದರೆ ಅವನ ವೃತ್ತಿಜೀವನಕ್ಕೆ ಅದಕ್ಕಿಂತ ದೊಡ್ಡ ಬಂಡವಾಳ ಬೇರೆ ಇಲ್ಲ.

ತಂದೆತಾಯಂದಿರೇ, ಕಾಲೇಜು ಮಾಡುವ ಕೆಲಸಕ್ಕೆ ಅಡಿಪಾಯ ಹಾಕುವವರು ನೀವು. ಮೀನಿನ ಬುಟ್ಟಿ ಹೊತ್ತವರು, ಕಿರಾಣಿ ಅಂಗಡಿ ನಡೆಸುವವರು, ಗುತ್ತಿಗೆ ಕೆಲಸ ಹಿಡಿದವರು, ಗಲ್ಫಿನಲ್ಲಿ ದುಡಿದು ಬಂದು ಹೋಟೆಲು ತೆರೆದವರು ನಮ್ಮ ನಡುವೆ ಇದ್ದೀರಿ. 1912ರಲ್ಲಿ ಮಂಗಳೂರಿನ ಕ್ಯಾಥೋಲಿಕರು ಒಟ್ಟುಸೇರಿ ತಮ್ಮದೇ ಸಹಕಾರ ಬ್ಯಾಂಕು ಕಟ್ಟಿದಾಗ ಅವರಲ್ಲಿದ್ದ ದೊಡ್ಡ ಆಸ್ತಿ ಪರಸ್ಪರ ನಂಬಿಕೆಯೇ. ಆ ನಂಬಿಕೆಯನ್ನು ಮಕ್ಕಳಿಗೆ ದಾಟಿಸುವುದು ಊಟದ ಮೇಜಿನಲ್ಲಿ. ಕೆಲಸದವರಿಗೆ ಶನಿವಾರವೇ ಕೂಲಿ ಕೊಟ್ಟೆನೆಂದು ಅಪ್ಪ ಹೇಳುವುದನ್ನು ಕೇಳಿ ಬೆಳೆದ ಮಗುವೇ ಬೇರೆ; ಜಾಗದ ನೋಂದಣಿಯಲ್ಲಿ ಬೆಲೆ ಕಡಿಮೆ ತೋರಿಸಿದ ಜಾಣತನವನ್ನು ಕೇಳಿ ನಕ್ಕು ಬೆಳೆದ ಮಗುವೇ ಬೇರೆ. ಇಬ್ಬರೂ ನಾಳೆ ಒಂದೇ ಕಾಲೇಜಿಗೆ ಬರುತ್ತಾರೆ. ನಿಮ್ಮ ಮಕ್ಕಳಿಗೆ ಮೊದಲ ಸಂಬಳ ಬಂದಾಗ ಎಷ್ಟು ಎಂದು ಕೇಳಿ. ಅದರ ಜೊತೆಗೆ ನಿನ್ನ ಕಂಪನಿ ಏನು ಮಾರುತ್ತದೆ, ಅದು ಕೊಳ್ಳುವವರಿಗೆ ಒಳ್ಳೆಯದೇ, ನಿನ್ನ ಕೈಕೆಳಗಿನವರು ನಿನ್ನನ್ನು ಕಂಡರೆ ಹೆದರುತ್ತಾರೆಯೇ ಎಂದೂ ಕೇಳಿ.

ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯವನ್ನು ಒಮ್ಮೆ ಬಿಡುವಾಗಿ ಓದಿ. ಅದರಲ್ಲಿ ತಲೆಂತುಗಳ ಸಾಮತಿ ಇದೆ: ಒಡೆಯನ ಹಣದಿಂದ ವ್ಯಾಪಾರ ಮಾಡಿ ವೃದ್ಧಿಸಿದ ಸೇವಕರಿಗೆ ಮೆಚ್ಚುಗೆ, ಹೂತಿಟ್ಟವನಿಗೆ ಗದರಿಕೆ. ಅದು ಮುಗಿದ ಕೂಡಲೇ ಅಂತಿಮ ತೀರ್ಪಿನ ದೃಶ್ಯ ಬರುತ್ತದೆ: ಹಸಿದವರಿಗೆ, ಬಾಯಾರಿದವರಿಗೆ, ಪರದೇಶಿಗಳಿಗೆ, ಸೆರೆಯಲ್ಲಿದ್ದವರಿಗೆ ನೀವೇನು ಮಾಡಿದಿರಿ ಎಂಬ ವಿಚಾರಣೆ. ಒಂದೇ ಅಧ್ಯಾಯ, ಎರಡು ಲೆಕ್ಕಗಳು, ಕೇಳುವವನು ಒಬ್ಬನೇ. ನಮ್ಮ ಕಾಲೇಜುಗಳು ಮೊದಲ ಲೆಕ್ಕವನ್ನು ಚೆನ್ನಾಗಿ ಕಲಿಸುತ್ತಿವೆ. ಎರಡನೆಯದನ್ನೂ ಅದೇ ತರಗತಿಯಲ್ಲಿ, ಅದೇ ಶ್ರದ್ಧೆಯಿಂದ ಕಲಿಸುವಂತಾಗಲಿ ಎಂದು ಪ್ರಾರ್ಥಿಸೋಣ. ಈ ವರ್ಷ ಅಲ್ಲಿಗೆ ಕಾಲಿಡುವ ನಮ್ಮ ಮಕ್ಕಳನ್ನೂ, ಅವರಿಗಾಗಿ ಶುಲ್ಕ ಹೊಂದಿಸುತ್ತಿರುವ ನಿಮ್ಮನ್ನೂ ದೇವರು ಆಶೀರ್ವದಿಸಲಿ.